ಬಿತ್ತುವಟ್ಟವೂ ದುಡಿಯುವವರ ಬಡ್ತಿಯೂ

(ಬಾನುಲಿ ಭಾಷಣ)

ನಮ್ಮ ಶಾಸನಗಳನ್ನು ಓದುವ ಅಭ್ಯಾಸವುಳ್ಳವರಿಗೆ 'ಬಿತ್ತುವಟ್ಟ' ಎಂಬ ಮಾತು ಹೊಸದಲ್ಲ. ಕೆರೆಯನ್ನು ಕಟ್ಟಿಸಿದವನಿಗೆ, ಅಥವಾ ಕಟ್ಟಿದ ಕೆರೆಯ ಹೂಳು ತೆಗೆಸಿ, ಏರಿಯನ್ನು ಭದ್ರಪಡಿಸಿ ಕಾಪಾಡಿಕೊಂಡು ಬರುವವನಿಗೆ, ಆ ಕೆರೆಯ ನೀರುಣ್ಣುವ ಭೂಮಿಯಲ್ಲಿ ಒಂದು ಪಾಲನ್ನು ಬಿಟ್ಟುಕೊಡುತ್ತಿದ್ದ ಪದ್ಧತಿ ಅದು. ಕೌಟಿಲ್ಯನ ಅರ್ಥಶಾಸ್ತ್ರವು ಇದೇ ವಿಚಾರವನ್ನು ಲೆಕ್ಕದ ಭಾಷೆಯಲ್ಲಿ ಹೇಳುತ್ತದೆ. ಹೊಸದಾಗಿ ಕೆರೆಕಟ್ಟೆಗಳನ್ನು ನಿರ್ಮಿಸಿದವನಿಗೆ ಐದು ವರ್ಷ ಕರವಿನಾಯಿತಿ. ಒಡೆದು ಪಾಳುಬಿದ್ದುದನ್ನು ಸರಿಪಡಿಸಿದವನಿಗೆ ನಾಲ್ಕು ವರ್ಷ. ಗಿಡಗಂಟಿ ಬೆಳೆದುದನ್ನು ಹಸನುಮಾಡಿದವನಿಗೆ ಮೂರು ವರ್ಷ. ಈ ವಿನಾಯಿತಿಗೆ ಅಲ್ಲಿ 'ಪರಿಹಾರ' ಎಂದೇ ಹೆಸರು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಅರಸು ತೆರಿಗೆಯನ್ನು ಬಿಟ್ಟುಕೊಟ್ಟುದು ಹೊಸ ಕೆರೆ ಅಗೆಸಿದವನಿಗೆ ಮಾತ್ರವಲ್ಲ; ಇದ್ದ ಕೆರೆಯನ್ನು ಉತ್ತಮಪಡಿಸಿದವನಿಗೂ ಬಿಟ್ಟುಕೊಟ್ಟನು. ಕೆರೆಗಳ ಸಂಖ್ಯೆ ಹೆಚ್ಚಿದರೆ ಸಾಲದು, ಇರುವ ಕೆರೆಯಲ್ಲಿ ನೀರು ನಿಲ್ಲಬೇಕು ಎಂಬ ವಿವೇಕ ಆ ಏರ್ಪಾಟಿನ ಹಿಂದೆ ಇತ್ತು.

ಇಂದು ನಾನು ಮಾತನಾಡಹೊರಟಿರುವುದು ಕೆರೆಯ ವಿಷಯವಾಗಿ ಅಲ್ಲ, ದುಡಿಯುವವರ ವಿಷಯವಾಗಿ. ಕಡಿಮೆ ಕೂಲಿಗೆ ದುಡಿಯುವವರನ್ನು ಕೆಲಸಕ್ಕೆ ತೆಗೆದುಕೊಂಡು, ಅವರಿಗೆ ಕೆಲಸ ಕಲಿಸಿ, ಮೇಲಿನ ಕೆಲಸಕ್ಕೆ ಏರಿಸುವ ಮಾಲೀಕನಿಗೆ ಸರಕಾರವು ತೆರಿಗೆಯಲ್ಲಿ ರಿಯಾಯಿತಿ ಕೊಡಬೇಕೆ? ಕೊಟ್ಟರೆ ಯಾವುದಕ್ಕೆ ಕೊಡಬೇಕು? ಅಂಥ ರಿಯಾಯಿತಿ ನಮ್ಮ ದೇಶದಲ್ಲಿ ಈಗಾಗಲೆ ಇದೆಯೆ? ಈ ಮೂರು ಪ್ರಶ್ನೆಗಳನ್ನು ಕಲಬುರಗಿಯ ನೆಲದ ಮೇಲೆ ನಿಂತು ವಿಚಾರಮಾಡೋಣ.

ಕಲಬುರಗಿ ತೊಗರಿಯ ನಾಡು. ಇಲ್ಲಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ನಗರದ ನೆಹರು ಗಂಜಿನಲ್ಲಿ ವ್ಯಾಪಾರವಾಗುವ ತೊಗರಿ ಬೇಳೆಯಾಗುವುದು ಸುತ್ತಮುತ್ತಲಿನ ದಾಲ್ ಮಿಲ್ಲುಗಳಲ್ಲಿ. ಹುಮನಾಬಾದಿನ ಹಾದಿಯಲ್ಲಿರುವ ಕಪನೂರು ಕೈಗಾರಿಕಾ ಪ್ರದೇಶ ಅಂಥ ಜಾಗಗಳಲ್ಲಿ ಒಂದು. ಒಂದು ದಾಲ್ ಮಿಲ್ಲಿನ ಒಳಗೆ ಹೊಕ್ಕು ನೋಡಿದರೆ ಅದರೊಳಗೊಂದು ಏಣಿ ಕಾಣುತ್ತದೆ. ಅತ್ಯಂತ ಕೆಳಗೆ ಚೀಲ ಹೊರುವ ಹಮಾಲ, ಕಸ ಗುಡಿಸುವವರು, ಕಾಳು ಆರಿಸುವ ಹೆಂಗಸರು. ಅದಕ್ಕಿಂತ ಮೇಲೆ ಯಂತ್ರದ ಪಕ್ಕದಲ್ಲಿ ನಿಂತು ಹೇಳಿದ್ದನ್ನು ಮಾಡುವ ಸಹಾಯಕ. ಅವನ ಮೇಲೆ ಯಂತ್ರವನ್ನು ನಡೆಸುವ ಆಪರೇಟರು, ಕೆಟ್ಟುದನ್ನು ಸರಿಪಡಿಸುವ ಫಿಟರು. ಮತ್ತೊಂದು ಬದಿಯಲ್ಲಿ ಲೆಕ್ಕ ಬರೆಯುವ ಮುನೀಮ. ಮೆಟ್ಟಿಲುಗಳು ಬಹಳವಿಲ್ಲ; ಒಂದಕ್ಕೂ ಇನ್ನೊಂದಕ್ಕೂ ನಡುವಿನ ಎತ್ತರವೂ ಬಹಳವಿಲ್ಲ. ಆದರೂ ಹಮಾಲನಾಗಿ ಬಂದವನು ಹಮಾಲನಾಗಿಯೇ ಬೆನ್ನು ಬಾಗಿಸಿಕೊಂಡು ಹೊರಡುವುದೇ ಸಾಮಾನ್ಯ.

ಕಾಳು ಆರಿಸುವ ಹೆಣ್ಣುಮಗಳ ಸ್ಥಿತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬೇಳೆಯ ಬಣ್ಣ ನೋಡಿ ಕೆಟ್ಟುದನ್ನು ಬೇರ್ಪಡಿಸುವ ಯಂತ್ರ ಈಗ ಬಂದಿದೆ. ಮಿಲ್ಲಿನವರು ಅದನ್ನು 'ಸಾರ್ಟೆಕ್ಸ್' ಎಂದು ಕರೆಯುತ್ತಾರೆ. ಅದು ಬಂದ ಕಡೆ ಆರಿಸುವ ಕೈಗಳು ಬೇಡವಾಗುತ್ತವೆ. ಯಂತ್ರದ ಮುಂದೆ ನಿಲ್ಲಲು ಬೇರೊಬ್ಬರು ಬರುತ್ತಾರೆ. ಕಾಳಿನ ಗುಣವನ್ನು ಹದಿನೈದು ಇಪ್ಪತ್ತು ವರ್ಷ ಕಣ್ಣಿನಿಂದಲೂ ಬೆರಳಿನಿಂದಲೂ ಅರಿತವಳು ಆಕೆ. ಯಂತ್ರಕ್ಕೆ ಯಾವ ಬಣ್ಣವನ್ನು ಬಿಡಬೇಕು, ಯಾವುದನ್ನು ತಳ್ಳಬೇಕು ಎಂದು ಹೇಳಿಕೊಡಬೇಕಾದಾಗ ಉಪಯೋಗಕ್ಕೆ ಬರುವ ಜ್ಞಾನ ಆಕೆಯಲ್ಲಿಯೇ ಇದೆ. ಆಕೆಗೆ ಇಲ್ಲದುದು ಗುಂಡಿಗಳನ್ನು ಒತ್ತುವ ತಿಳಿವಳಿಕೆ, ಸ್ವಲ್ಪ ಅಕ್ಷರ, ಸ್ವಲ್ಪ ಅಂಕಿ, ಮತ್ತು ಕಲಿಸುವೆನೆಂಬ ಒಬ್ಬ ಮಾಲೀಕ. ಯಂತ್ರಕ್ಕೆ ಸಾಲ ದೊರೆಯುತ್ತದೆ, ಸವಕಳಿಯ ಹೆಸರಿನಲ್ಲಿ ತೆರಿಗೆಯಲ್ಲಿ ವರ್ಷವರ್ಷವೂ ಕಡಿತ ದೊರೆಯುತ್ತದೆ. ಆಕೆಯನ್ನು ಯಂತ್ರದ ಮುಂದೆ ನಿಲ್ಲಿಸುವುದಕ್ಕೆ ಏನು ದೊರೆಯುತ್ತದೆ? ನಮ್ಮ ಇಂದಿನ ಪ್ರಶ್ನೆಯ ತಿರುಳು ಇದೇ.

ಮಾಲೀಕನು ತಾನಾಗಿಯೇ ಕಲಿಸಬಾರದೇಕೆ ಎಂದು ಕೇಳಬಹುದು. ಇದಕ್ಕೆ ಅರ್ಥಶಾಸ್ತ್ರಜ್ಞರು ಕೊಡುವ ಉತ್ತರ ಸರಳವಾಗಿದೆ. ಗ್ಯಾರಿ ಬೆಕರ್ ಎಂಬ ಅಮೆರಿಕದ ಪಂಡಿತನು ೧೯೬೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಲಿಕೆಯನ್ನು ಎರಡಾಗಿ ವಿಂಗಡಿಸಿದನು. ಒಂದು, ಆ ಒಂದೇ ಕಾರ್ಖಾನೆಗೆ ಮಾತ್ರ ಉಪಯೋಗವಾಗುವ ಕಲಿಕೆ. ಎರಡು, ಎಲ್ಲ ಕಾರ್ಖಾನೆಗಳಲ್ಲಿಯೂ ಬೆಲೆಯುಳ್ಳ ಕಲಿಕೆ. ಮೊದಲನೆಯದಕ್ಕೆ ಮಾಲೀಕನು ಹಣ ಹಾಕುತ್ತಾನೆ. ಎರಡನೆಯದಕ್ಕೆ ಹಿಂಜರಿಯುತ್ತಾನೆ, ಏಕೆಂದರೆ ಕಲಿತವನು ನಾಳೆ ಪಕ್ಕದ ಮಿಲ್ಲಿಗೆ ಐದುನೂರು ರೂಪಾಯಿ ಹೆಚ್ಚಿಗೆ ಹೊರಟುಹೋಗಬಹುದು. ಖರ್ಚು ಒಬ್ಬನದು, ಫಲ ಇನ್ನೊಬ್ಬನದು. ಎಲ್ಲ ಮಾಲೀಕರೂ ಹೀಗೆಯೇ ಲೆಕ್ಕ ಹಾಕುವುದರಿಂದ ಯಾರೂ ಕಲಿಸುವುದಿಲ್ಲ. ಕಲಿತವರು ಸಿಗುತ್ತಿಲ್ಲವೆಂದು ಮಾತ್ರ ಎಲ್ಲರೂ ದೂರುತ್ತಾರೆ. ನಮ್ಮ ೨೦೧೫ರ ರಾಷ್ಟ್ರೀಯ ಕೌಶಲ ನೀತಿಯ ದಸ್ತಾವೇಜು ಉಲ್ಲೇಖಿಸಿದ ಅಂದಾಜಿನಂತೆ, ದುಡಿಯುವವರಲ್ಲಿ ವಿಧಿವತ್ತಾಗಿ ಕೆಲಸ ಕಲಿತವರು ಭಾರತದಲ್ಲಿ ಶೇಕಡಾ ೫ಕ್ಕಿಂತ ಕಡಿಮೆ. ಜರ್ಮನಿಯಲ್ಲಿ ಶೇಕಡಾ ೭೫, ದಕ್ಷಿಣ ಕೊರಿಯದಲ್ಲಿ ಶೇಕಡಾ ೯೬.

ಒಬ್ಬನ ಖರ್ಚಿನಿಂದ ಊರಿಗೆಲ್ಲ ಪ್ರಯೋಜನವಾಗುವ ಸಂದರ್ಭದಲ್ಲಿ ಆ ಖರ್ಚಿನ ಒಂದು ಭಾಗವನ್ನು ಊರೇ ಹೊರಬೇಕಾದುದು ನ್ಯಾಯ. ಬಿತ್ತುವಟ್ಟದ ತತ್ತ್ವವೂ ಅದೇ, ತೆರಿಗೆ ರಿಯಾಯಿತಿಯ ತತ್ತ್ವವೂ ಅದೇ. ಹಾಗಾದರೆ ನಮ್ಮ ಕಾನೂನು ಇದುವರೆಗೆ ಏನು ಮಾಡಿದೆ?

ಮೊದಲನೆಯದಾಗಿ ೧೯೬೧ರ ಆದಾಯ ತೆರಿಗೆ ಅಧಿನಿಯಮಕ್ಕೆ ೧೯೯೮ರಲ್ಲಿ ಸೇರಿಸಿದ ೮೦ಜೆಜೆಎಎ ಎಂಬ ಪ್ರಕರಣ. ಹೊಸ ಕೆಲಸಗಾರರಿಗೆ ಕೊಟ್ಟ ಕೂಲಿಯ ಶೇಕಡಾ ೩೦ರಷ್ಟನ್ನು ಮಾಲೀಕನು ಮೂರು ವರ್ಷಗಳ ಕಾಲ ತನ್ನ ಆದಾಯದಿಂದ ಹೆಚ್ಚುವರಿಯಾಗಿ ಕಳೆಯಬಹುದು ಎಂಬುದು ಅದರ ಸಾರ. ಮೊದಲು ಇದು ನೂರಕ್ಕೂ ಮೇಲ್ಪಟ್ಟು ಕೆಲಸಗಾರರಿದ್ದ ಕಾರ್ಖಾನೆಗಳಿಗೆ ಸೀಮಿತವಾಗಿತ್ತು. ೨೦೧೫ರಲ್ಲಿ ಆ ಸಂಖ್ಯೆಯನ್ನು ಐವತ್ತಕ್ಕೆ ಇಳಿಸಿದರು. ೨೦೧೬ರ ತಿದ್ದುಪಡಿ ಆ ಗೆರೆಯನ್ನೇ ಅಳಿಸಿ, ಲೆಕ್ಕಪರಿಶೋಧನೆಗೆ ಒಳಪಡುವ ಎಲ್ಲ ವ್ಯವಹಾರಗಳಿಗೂ ಬಾಗಿಲು ತೆರೆಯಿತು. ಹೊಸ ಕೆಲಸಗಾರನ ಸಂಬಳ ತಿಂಗಳಿಗೆ ೨೫,೦೦೦ ರೂಪಾಯಿಯನ್ನು ಮೀರಬಾರದು. ಅವನು ಭವಿಷ್ಯ ನಿಧಿಗೆ ಸೇರಿರಬೇಕು. ವರ್ಷದಲ್ಲಿ ೨೪೦ ದಿನ, ಉಡುಪು ಮತ್ತು ಪಾದರಕ್ಷೆಯಂಥ ಉದ್ಯಮಗಳಲ್ಲಿ ೧೫೦ ದಿನ, ಕೆಲಸ ಮಾಡಿರಬೇಕು. ಸಂಬಳ ಬ್ಯಾಂಕಿನ ಮೂಲಕ ಸಂದಾಯವಾಗಿರಬೇಕು. ೨೦೨೫ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಆದಾಯ ತೆರಿಗೆ ಅಧಿನಿಯಮವೂ ಈ ರಿಯಾಯಿತಿಯನ್ನು ಉಳಿಸಿಕೊಂಡಿದೆ.

ಇದರ ಬೆಲೆ ಎಷ್ಟೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಒಬ್ಬ ಮಾಲೀಕನು ತಿಂಗಳಿಗೆ ೧೨,೦೦೦ ರೂಪಾಯಿಯಂತೆ ಹತ್ತು ಮಂದಿ ಹೊಸಬರನ್ನು ತೆಗೆದುಕೊಂಡನೆಂದು ಇಟ್ಟುಕೊಳ್ಳೋಣ. ವರ್ಷದ ಸಂಬಳ ೧೪,೪೦,೦೦೦ ರೂಪಾಯಿ. ಅದರ ಶೇಕಡಾ ೩೦ ಎಂದರೆ ೪,೩೨,೦೦೦ ರೂಪಾಯಿಯನ್ನು ಆದಾಯದಿಂದ ಕಳೆಯಬಹುದು. ಅವನ ತೆರಿಗೆಯ ದರ ಶೇಕಡಾ ೩೦ ಆಗಿದ್ದರೆ ವರ್ಷಕ್ಕೆ ಉಳಿಯುವುದು ೧,೨೯,೬೦೦ ರೂಪಾಯಿ; ಅಂದರೆ ಒಬ್ಬ ಕೆಲಸಗಾರನಿಗೆ ತಿಂಗಳಿಗೆ ೧,೦೮೦ ರೂಪಾಯಿ. ಇದು ಅಲ್ಪವೇನೂ ಅಲ್ಲ.

ಈಗ ಇನ್ನೊಬ್ಬ ಮಾಲೀಕನನ್ನು ನೋಡೋಣ. ಅವನು ಹೊಸಬರನ್ನು ತೆಗೆದುಕೊಳ್ಳಲಿಲ್ಲ. ತನ್ನಲ್ಲಿ ಹತ್ತು ವರ್ಷದಿಂದ ದುಡಿಯುತ್ತಿರುವ ಹತ್ತು ಮಂದಿ ಕೂಲಿಗಳಿಗೆ ಯಂತ್ರದ ಕೆಲಸ ಕಲಿಸಿ, ೧೨,೦೦೦ ರೂಪಾಯಿ ಇದ್ದ ಸಂಬಳವನ್ನು ೧೮,೦೦೦ಕ್ಕೆ ಏರಿಸಿದನು. ಕೊಟ್ಟ ಸಂಬಳವನ್ನು ಎಲ್ಲರಂತೆ ಖರ್ಚಿಗೆ ಬರೆದುಕೊಳ್ಳಬಹುದು, ನಿಜ. ಆದರೆ ಈ ಪ್ರಕರಣದ ಹೆಚ್ಚುವರಿ ರಿಯಾಯಿತಿ ಅವನಿಗೆ ಎಷ್ಟು? ಸೊನ್ನೆ. ಏಕೆಂದರೆ ಕೆಲಸಗಾರರ ತಲೆಗಳ ಸಂಖ್ಯೆ ಹೆಚ್ಚಲಿಲ್ಲ. ಕಾನೂನು ಬಾಗಿಲಲ್ಲಿ ನಿಂತು ಒಳಗೆ ಬಂದವರನ್ನು ಎಣಿಸುತ್ತದೆ. ಒಳಗೆ ಬಂದವರು ಮೆಟ್ಟಿಲು ಹತ್ತಿದರೋ ಇಲ್ಲವೋ ಎಂದು ತಿರುಗಿ ನೋಡುವುದಿಲ್ಲ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಹೊಸ ಕೆರೆಗೆ ಪರಿಹಾರವುಂಟು, ಹೂಳೆತ್ತಿಸಿದವನಿಗೆ ಇಲ್ಲ.

ಕಲಿಸುವುದಕ್ಕೆಂದೇ ಮೀಸಲಾದ ರಿಯಾಯಿತಿ ಒಂದು ಕಾಲದಲ್ಲಿ ಇತ್ತು. ೨೦೧೨ರ ಹಣಕಾಸು ಅಧಿನಿಯಮದಿಂದ ಬಂದ ೩೫ಸಿಸಿಡಿ ಎಂಬ ಪ್ರಕರಣದಂತೆ, ಸರಕಾರ ಅಧಿಸೂಚಿಸಿದ ಕೌಶಲ ತರಬೇತಿ ಯೋಜನೆಗೆ ಕಂಪನಿಯೊಂದು ನೂರು ರೂಪಾಯಿ ಖರ್ಚು ಮಾಡಿದರೆ ನೂರೈವತ್ತು ರೂಪಾಯಿಯನ್ನು ಆದಾಯದಿಂದ ಕಳೆಯಬಹುದಾಗಿತ್ತು. ಮದ್ಯ ಮತ್ತು ತಂಬಾಕಿನ ಕಂಪನಿಗಳಿಗೆ ಮಾತ್ರ ಈ ಅವಕಾಶವಿರಲಿಲ್ಲ. ಆದರೆ ಇದಕ್ಕೆ ಬರೆದ ನಿಯಮಗಳಲ್ಲಿ ಒಂದು ಷರತ್ತು ಸೇರಿತ್ತು: ಕೆಲಸಕ್ಕೆ ಸೇರಿದ ಆರು ತಿಂಗಳ ನಂತರ ತರಬೇತಿ ಆರಂಭವಾದರೆ, ಆ ಹಳೆಯ ಕೆಲಸಗಾರರ ತರಬೇತಿಯ ಖರ್ಚು ಈ ಲೆಕ್ಕಕ್ಕೆ ಬರುವುದಿಲ್ಲ. ಮಾಮೂಲು ತರಬೇತಿಯ ಹೆಸರಿನಲ್ಲಿ ಕಂಪನಿಗಳು ರಿಯಾಯಿತಿಯನ್ನು ದೋಚಬಾರದೆಂಬುದು ಇದರ ಉದ್ದೇಶವಾಗಿರಬಹುದು. ಪರಿಣಾಮ ಮಾತ್ರ ವಿಚಿತ್ರವಾಯಿತು. ಹತ್ತು ವರ್ಷ ಒಂದೇ ಮೆಟ್ಟಿಲ ಮೇಲೆ ನಿಂತವನಿಗೆ ಕಲಿಕೆ ಹೆಚ್ಚು ಅಗತ್ಯ. ಅವನೇ ನಿಯಮದ ಹೊರಗೆ ಉಳಿದನು. ೨೦೨೦ರ ಏಪ್ರಿಲ್ ೧ರಿಂದ ಆ ಹೆಚ್ಚುವರಿ ಐವತ್ತು ರೂಪಾಯಿಯನ್ನೂ ತೆಗೆದುಹಾಕಲಾಯಿತು. ತೆರಿಗೆಯ ದರಗಳನ್ನು ಇಳಿಸಿ ವಿಶೇಷ ವಿನಾಯಿತಿಗಳನ್ನು ಕಡಿಮೆ ಮಾಡುವ ಸಾಮಾನ್ಯ ಧೋರಣೆಯ ಭಾಗವಾಗಿ ಅದು ಹೋಯಿತು.

ಇನ್ನೊಂದು ಮಾರ್ಗ ೧೯೬೧ರ ಶಿಶಿಕ್ಷು ಅಧಿನಿಯಮದ್ದು. ಶಿಶಿಕ್ಷು ಎಂದರೆ ಕಲಿಯಲು ಬಯಸುವವನು. ನಮ್ಮ ಕಡೆಯ ಹಳೆಯ ಕಚೇರಿಗಳಲ್ಲಿ 'ಉಮೇದುವಾರ' ಎಂದು ಕರೆಯುತ್ತಿದ್ದವನ ಹೊಸ ರೂಪ. ೨೦೧೬ರಲ್ಲಿ ಆರಂಭವಾದ ರಾಷ್ಟ್ರೀಯ ಶಿಶಿಕ್ಷು ಪ್ರೋತ್ಸಾಹ ಯೋಜನೆಯಂತೆ, ಇವನಿಗೆ ಕೊಡುವ ಶಿಷ್ಯವೇತನದಲ್ಲಿ ಕಾಲು ಭಾಗವನ್ನು, ತಿಂಗಳಿಗೆ ೧,೫೦೦ ರೂಪಾಯಿಯವರೆಗೆ, ಕೇಂದ್ರ ಸರಕಾರ ಭರಿಸುತ್ತದೆ. ಇದು ಒಳ್ಳೆಯ ಯೋಜನೆಯೇ. ಆದರೆ ಕಲಿತು ಮುಗಿಸಿದವನಿಗೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡನ್ನು ಆ ಅಧಿನಿಯಮ ಮಾಲೀಕನ ಮೇಲೆ ಹೇರಿಲ್ಲ. ನೇಮಕದ ಬಗ್ಗೆ ತನ್ನದೇ ನೀತಿಯನ್ನು ರೂಪಿಸಿಕೊಳ್ಳಬೇಕೆಂದು ೨೦೧೪ರ ತಿದ್ದುಪಡಿ ಹೇಳುತ್ತದೆ, ಅಷ್ಟೆ. ಇಲ್ಲಿಯೂ ದೃಷ್ಟಿ ಹೊಸಬನ ಮೇಲೆ. ಆಗಲೇ ದುಡಿಯುತ್ತಿರುವ ಹಮಾಲನ ಮೇಲೆ ಅಲ್ಲ.

ಇತ್ತೀಚಿನದು ೨೦೨೫ರ ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆ. ೨೦೨೫ರ ಆಗಸ್ಟ್ ೧ರಿಂದ ೨೦೨೭ರ ಜುಲೈ ೩೧ರವರೆಗೆ ಸೃಷ್ಟಿಯಾಗುವ ಉದ್ಯೋಗಗಳಿಗೆ ಇದು ಅನ್ವಯಿಸುತ್ತದೆ. ಇದಕ್ಕೆ ಗೊತ್ತುಪಡಿಸಿದ ಮೊತ್ತ ೯೯,೪೪೬ ಕೋಟಿ ರೂಪಾಯಿ. ಹೆಚ್ಚುವರಿಯಾಗಿ ತೆಗೆದುಕೊಂಡ ಪ್ರತಿಯೊಬ್ಬ ಕೆಲಸಗಾರನ ಬಾಬತ್ತು ಮಾಲೀಕನಿಗೆ ತಿಂಗಳಿಗೆ ೩,೦೦೦ ರೂಪಾಯಿಯವರೆಗೆ ಎರಡು ವರ್ಷ, ಉತ್ಪಾದನಾ ರಂಗದಲ್ಲಾದರೆ ನಾಲ್ಕು ವರ್ಷ, ದೊರೆಯುತ್ತದೆ. ಸಂಬಳದ ಹಂತ ಏರಿದಂತೆ ನೆರವೂ ಏರುವಂತೆ ಮಾಡಿರುವುದು ಇದರ ಮೆಚ್ಚತಕ್ಕ ಅಂಶ. ಆದರೆ ಇದೂ ಹೆಚ್ಚುವರಿ ತಲೆಗಳ ಎಣಿಕೆಯೇ.

ನಮ್ಮ ರಾಜ್ಯದ ನೀತಿಯ ಕಡೆಗೂ ಒಮ್ಮೆ ನೋಡಬೇಕು. ಸರಕಾರದಿಂದ ಸವಲತ್ತು ಪಡೆಯುವ ಉದ್ಯಮಗಳು ಒಟ್ಟು ಉದ್ಯೋಗದಲ್ಲಿ ಶೇಕಡಾ ೭೦ರಷ್ಟನ್ನು, 'ಡಿ' ದರ್ಜೆಯಲ್ಲಿ ನೂರಕ್ಕೆ ನೂರನ್ನು, ಕನ್ನಡಿಗರಿಗೆ ಕೊಡಬೇಕೆಂದು ೨೦೨೦-೨೫ರ ಕೈಗಾರಿಕಾ ನೀತಿ ವಿಧಿಸಿತು. ಈ ಷರತ್ತಿನ ಹಿಂದಿನ ಕಳಕಳಿಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅತ್ಯಂತ ಕೆಳಗಿನ ಮೆಟ್ಟಿಲೊಂದೇ ನೂರಕ್ಕೆ ನೂರು ನಮ್ಮದಾಗಿ, ಅಲ್ಲಿಂದ ಮೇಲಕ್ಕೆ ಹೋಗುವ ದಾರಿಯ ಮಾತೇ ಇಲ್ಲದಿದ್ದರೆ, ಅದು ಎಂಥ ಗೆಲುವು? ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ೨೦೦೨ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ ೩೯ ತಾಲ್ಲೂಕುಗಳಲ್ಲಿ ೨೧ ನಮ್ಮ ಕಲಬುರಗಿ ವಿಭಾಗದವು. ಇಂಥ ಪ್ರದೇಶದಲ್ಲಿ ಕೆಲಸ ದೊರೆಯುವುದು ಅರ್ಧ ಮಾತು. ದೊರೆತ ಕೆಲಸದಲ್ಲಿ ಬೆಳೆಯುವುದು ಉಳಿದರ್ಧ.

ಬೆಳವಣಿಗೆಯ ದಾರಿ ಎಂಬುದು ಕೇವಲ ಕನಸಲ್ಲ. ಕಲಬುರಗಿಯಲ್ಲಿಯೇ ಕೇಂದ್ರ ಕಚೇರಿಯುಳ್ಳ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದಲ್ಲಿ ಕಂಡಕ್ಟರಾಗಿ ಸೇರಿದವರು ಸಂಚಾರ ನಿಯಂತ್ರಕರಾಗುವುದನ್ನು ನಾವು ಕಂಡಿದ್ದೇವೆ. ಅಲ್ಲಿ ಬಡ್ತಿಯ ದಾರಿ ನಿಯಮದಲ್ಲಿಯೇ ಬರೆದಿದೆ. ಖಾಸಗಿ ಮಿಲ್ಲಿನಲ್ಲಿ ಬರೆದಿಲ್ಲ. ಮಾಲೀಕನ ಮನಸ್ಸಿನಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಲ್ಲಿ ಒಬ್ಬ ಶ್ರೋತೃ ಆಕ್ಷೇಪಿಸಬಹುದು: "ಕಲಿಸಿದರೆ ಸಾಕಲ್ಲವೆ? ಕಲಿತವನ ಸಂಬಳ ತಾನಾಗಿಯೇ ಏರುವುದಿಲ್ಲವೆ?" ಏರಬೇಕು, ಏರುತ್ತದೆಂಬ ಭರವಸೆಯಿಲ್ಲ. ಇದಕ್ಕೆ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ನಡೆದ ಒಂದು ಅಧ್ಯಯನ ಸಾಕ್ಷಿ ನುಡಿಯುತ್ತದೆ. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ ನ್ಯಷಾಧಂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಲ್ಲಿಯ ಹೆಣ್ಣುಮಕ್ಕಳಿಗೆ ಕೊಟ್ಟ ತರಬೇತಿಯ ಫಲವನ್ನು ಅಳೆದು ೨೦೨೩ರಲ್ಲಿ ಪ್ರಕಟಿಸಿದರು. ಮಾತಿನ ರೀತಿ, ಸಮಯದ ಬಳಕೆ, ಸಮಸ್ಯೆ ಬಿಡಿಸುವ ಜಾಣ್ಮೆ, ಇಂಥ ವಿಷಯಗಳ ತರಬೇತಿ ಅದು. ತರಬೇತಿ ಪಡೆದವರ ಕೆಲಸದ ಫಲ ಇತರರಿಗಿಂತ ಸುಮಾರು ಶೇಕಡಾ ೧೩ರಷ್ಟು ಹೆಚ್ಚಿತು. ಕಾರ್ಖಾನೆಗೆ ಹಾಕಿದ ಹಣ ತಿಂಗಳುಗಳಲ್ಲಿಯೇ ಹಲವು ಪಟ್ಟಾಗಿ ಹಿಂದಿರುಗಿತು. ಸಂಬಳ ಏರಿದ್ದು ಎಷ್ಟು? ಶೇಕಡಾ ಒಂದೂ ಇಲ್ಲ. ಕಲಿಕೆಯ ಲಾಭವೆಲ್ಲ ಒಂದು ಕಡೆಗೆ ಹರಿಯಿತು. ಕಲಿತವಳು ಬಿಟ್ಟುಹೋಗುತ್ತಾಳೆಂಬ ಮಾಲೀಕನ ಭಯವೂ ಅಲ್ಲಿ ನಿಜವಾಗಲಿಲ್ಲ.

ಈ ಅಧ್ಯಯನದಿಂದ ನಾವು ಕಲಿಯಬೇಕಾದ ಪಾಠ ಎರಡು. ಒಂದು, ಕಲಿಸುವುದು ಮಾಲೀಕನಿಗೆ ನಷ್ಟವೆಂಬ ನಂಬಿಕೆ ಯಾವಾಗಲೂ ಸರಿಯಲ್ಲ. ಎರಡು, ಬರಿಯ ಕಲಿಕೆಗೆ ತೆರಿಗೆಯ ರಿಯಾಯಿತಿ ಕೊಟ್ಟರೆ, ಲಾಭವಾಗುವುದಕ್ಕೇ ಮತ್ತೆ ಲಾಭ ಕೊಟ್ಟಂತಾದೀತು. ರಿಯಾಯಿತಿಯ ಗಂಟನ್ನು ಕಟ್ಟಬೇಕಾದುದು ಕಲಿಕೆಗೆ ಮಾತ್ರವಲ್ಲ, ಕಲಿಕೆಯ ನಂತರದ ಬಡ್ತಿಗೆ ಮತ್ತು ಸಂಬಳದ ಏರಿಕೆಗೆ.

ಹೀಗೆ ಮಾಡಿದ ದೇಶ ಇದೆಯೆ? ಸಿಂಗಪುರ ಈ ದಿಕ್ಕಿನಲ್ಲಿ ಬಹಳ ದೂರ ಹೋಗಿದೆ. ಕಸ ಗುಡಿಸುವವರು, ಕಾವಲುಗಾರರು, ತೋಟದ ಕೆಲಸದವರು ಮುಂತಾದ ಕಡಿಮೆ ಸಂಬಳದವರಿಗೆ ಅಲ್ಲಿ ಒಂದು ಏಣಿಯನ್ನೇ ಬರೆದಿಟ್ಟಿದ್ದಾರೆ. ಯಾವ ತರಬೇತಿಯಾದರೆ ಯಾವ ಹುದ್ದೆ, ಆ ಹುದ್ದೆಗೆ ಕನಿಷ್ಠ ಎಷ್ಟು ಸಂಬಳ ಎಂಬುದು ಮೆಟ್ಟಿಲು ಮೆಟ್ಟಿಲಾಗಿ ಗೊತ್ತಾಗಿದೆ. ೨೦೧೪ರಲ್ಲಿ ಸ್ವಚ್ಛತಾ ಕಂಪನಿಗಳ ಪರವಾನಗಿಗೆ ಇದನ್ನು ಷರತ್ತಾಗಿಸಿದರು. ೨೦೨೨ರ ಆಯವ್ಯಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮಾಲೀಕನು ಕಡಿಮೆ ಸಂಬಳದವನಿಗೆ ಕೊಟ್ಟ ಹೆಚ್ಚಳದಲ್ಲಿ ಒಂದು ಪಾಲನ್ನು ಸರಕಾರವೇ ಭರಿಸುವ ಏರ್ಪಾಟು ಮಾಡಿದರು. ಅಲ್ಲಿ ಎಣಿಕೆಗೆ ಬರುವುದು ಹೊಸ ತಲೆಯಲ್ಲ, ಹಳೆಯ ಕೆಲಸಗಾರನ ಸಂಬಳದ ಚೀಟಿಯಲ್ಲಿ ಹೆಚ್ಚಿದ ಅಂಕಿ.

ಬೇರೆ ಕೆಲವು ದೇಶಗಳು ಇದಕ್ಕೆ ವಿರುದ್ಧವಾದ ದಾರಿ ಹಿಡಿದಿವೆ. ಫ್ರಾನ್ಸಿನಲ್ಲಿ ೧೯೨೫ರಿಂದ ಕಲಿಕೆಗಾಗಿಯೇ ಮಾಲೀಕರ ಮೇಲೊಂದು ತೆರಿಗೆಯುಂಟು. ಬ್ರಿಟನ್ ೨೦೧೭ರಿಂದ ವರ್ಷಕ್ಕೆ ೩೦ ಲಕ್ಷ ಪೌಂಡಿಗಿಂತ ಹೆಚ್ಚು ಸಂಬಳ ಕೊಡುವ ದೊಡ್ಡ ಸಂಸ್ಥೆಗಳಿಂದ ಸಂಬಳದ ಮೊತ್ತದ ಮೇಲೆ ಶೇಕಡಾ ಅರ್ಧದಷ್ಟು ಸುಂಕ ಎತ್ತಿ, ಕಲಿಸುವವರಿಗೆ ಅದನ್ನು ಬಳಸಲು ಬಿಡುತ್ತದೆ. ಅಲ್ಲಿ ಬಿಟ್ಟುಕೊಡುವುದಿಲ್ಲ, ಮೊದಲು ಎತ್ತುತ್ತಾರೆ. ಅಮೆರಿಕವು ೧೯೯೬ರಲ್ಲಿ ತಂದ ರಿಯಾಯಿತಿಯಾದರೋ ನಮ್ಮದರಂತೆಯೇ ಬಾಗಿಲಿನದು. ಕಷ್ಟದಲ್ಲಿರುವವರನ್ನು ಕೆಲಸಕ್ಕೆ ಸೇರಿಸಿಕೊಂಡು ೪೦೦ ಗಂಟೆ ದುಡಿಸಿಕೊಂಡರೆ ಪೂರ್ಣ ರಿಯಾಯಿತಿಗೆ ಮಾಲೀಕ ಅರ್ಹನಾಗುತ್ತಿದ್ದನು. ೪೦೦ ಗಂಟೆ ಎಂದರೆ ಹತ್ತು ವಾರ! ಅಷ್ಟರಲ್ಲಿ ಯಾರು ಯಾವ ಮೆಟ್ಟಿಲು ಹತ್ತಿಯಾರು?

ಈಗ ಕಪನೂರನ್ನು ದಾಟಿ ಅದೇ ಹುಮನಾಬಾದಿನ ಹಾದಿಯಲ್ಲಿ ಮುಂದೆ ಸಾಗೋಣ. ಕಮಲಾಪುರ ಬರುತ್ತದೆ. ಈಗ ಅದು ತಾಲ್ಲೂಕು ಕೇಂದ್ರ. ಕಮಲಾಪುರವೆಂದರೆ ಕೆಂಪು ಬಾಳೆ. ಅದಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಉಂಟು. ಬೇರೆ ಬಾಳೆಗಿಂತ ನಿಧಾನವಾಗಿ ಬರುವ, ಹೆಚ್ಚು ಆರ�ೈಕೆ ಬೇಡುವ, ಬೆಲೆಯೂ ಹೆಚ್ಚಿರುವ ಬೆಳೆ. ಗೊನೆ ಕಡಿಯುವವನು, ಹೊರುವವನು, ಹಣ್ಣು ಮಾಗಿಸುವವನು, ಹೊಂದಿಸಿ ಕಟ್ಟುವವನು, ಇವರಿಗೆಲ್ಲ ಕಲಿಯಲು ವಿಷಯವಿದೆ. ಗೊನೆ ಹೊರುವವನು ಮಾಗಿಸುವ ಕೋಣೆಯ ಉಸ್ತುವಾರಿಯಾಗುವುದು ಅಸಾಧ್ಯವೇನಲ್ಲ.

ಆದರೆ ಇಲ್ಲಿ ತೆರಿಗೆಯ ರಿಯಾಯಿತಿ ಎಂಬ ಉಪಾಯವೇ ಕೈಕೊಡುತ್ತದೆ. ಬೇಸಾಯದ ವರಮಾನಕ್ಕೆ ಆದಾಯ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಯಲ್ಲಿ ಬಿಟ್ಟುಕೊಡುವುದೇನನ್ನು? ಕಮಲಾಪುರದ ತೋಟದ ಯಜಮಾನನಿಗೆ ೮೦ಜೆಜೆಎಎ ಪ್ರಕರಣದಿಂದ ಕಾಸಿನ ಪ್ರಯೋಜನವಿಲ್ಲ. ಊರಿನ ಸಣ್ಣ ಗ್ಯಾರೇಜಿನವನದೂ, ಹಿಟ್ಟಿನ ಗಿರಣಿಯವನದೂ ಬಹುಮಟ್ಟಿಗೆ ಇದೇ ಕಥೆ. ಅವರ ವ್ಯವಹಾರ ಲೆಕ್ಕಪರಿಶೋಧನೆಯ ಗೆರೆಯನ್ನು ಮುಟ್ಟುವುದಿಲ್ಲ. ಕಲಬುರಗಿಯ ಮಿಲ್ಲುಗಳಲ್ಲಿಯೂ ಮುಕಾದಮನ ಮೂಲಕ ಬಂದು, ದಿನದ ಕೂಲಿಯನ್ನು ಕೈಯಲ್ಲಿ ಪಡೆದು, ಸಂಜೆ ಬಸ್ಸು ಹತ್ತುವವರು ಭವಿಷ್ಯ ನಿಧಿಯ ಪುಸ್ತಕದಲ್ಲಿ ಇರುವುದಿಲ್ಲ. ಅವರು ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ. ಆದಕಾರಣ ತೆರಿಗೆಯ ರಿಯಾಯಿತಿ ದೊಡ್ಡವರನ್ನು ಮುಟ್ಟುವ ಕೈ. ಚಿಕ್ಕವರನ್ನು ಮುಟ್ಟಲು ನೇರವಾದ ಸಹಾಯಧನವೆಂಬ ಇನ್ನೊಂದು ಕೈ ಬೇಕು. ನಗರಕ್ಕೂ ಕಮಲಾಪುರಕ್ಕೂ ಒಂದೇ ಅಳತೆಗೋಲು ಸಲ್ಲದು.

ಹಾಗಾದರೆ ಮಾಡತಕ್ಕದ್ದೇನು? ನನ್ನ ಅಲ್ಪಮತಿಗೆ ತೋರಿದ ಮೂರು ಮಾತುಗಳನ್ನು ತಮ್ಮ ಮುಂದೆ ಇಡುತ್ತೇನೆ. ಮೊದಲನೆಯದು, ಹೊಸಬರ ಕೂಲಿಗೆ ಕೊಡುವ ರಿಯಾಯಿತಿಯನ್ನು ಹಳೆಯ ಕೆಲಸಗಾರನ ಸಂಬಳದ ಹೆಚ್ಚಳಕ್ಕೂ ವಿಸ್ತರಿಸಬೇಕು. ಬೆಲೆ ಏರಿಕೆಗೆ ಸರಿಯಾಗಿ ಏರುವ ಹೆಚ್ಚಳಕ್ಕಲ್ಲ. ಅದನ್ನು ಮೀರಿ, ಮೇಲಿನ ಕೆಲಸಕ್ಕೆ ಏರಿದುದರಿಂದ ಬಂದ ಹೆಚ್ಚಳಕ್ಕೆ. ಆ ಹೆಚ್ಚಳ ಎರಡು ವರ್ಷವಾದರೂ ನಿಂತಿರಬೇಕು. ಎರಡನೆಯದು, ಆರು ತಿಂಗಳಾದ ಮೇಲೆ ಕಲಿಯುವವನನ್ನು ಹೊರಗಿಡುವ ಹಳೆಯ ಮನೋಭಾವವನ್ನು ಬಿಡಬೇಕು. ಶಾಲೆಗೆ ಹೋಗದೆ ಕೈಯಿಂದ ಕಲಿತವನ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ೨೦೧೫ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿಯೇ ಇದೆ. ಕಾಳು ಆರಿಸುವ ಹೆಣ್ಣುಮಗಳ ಕಣ್ಣಿನ ವಿದ್ಯೆಗೆ ಅಂಥ ಪತ್ರ ದೊರೆತರೆ, ಬಡ್ತಿಯ ಮೊದಲ ಮೆಟ್ಟಿಲು ಅದೇ ಆಗಬಹುದು. ಮೂರನೆಯದು, ತೆರಿಗೆ ಕಟ್ಟದ ಸಣ್ಣ ಮಾಲೀಕರಿಗೆ ಇದೇ ಅಳತೆಯ ಸಹಾಯಧನವನ್ನು ನೇರವಾಗಿ ಕೊಡಬೇಕು.

ಮೋಸಕ್ಕೆ ಅವಕಾಶವಿಲ್ಲವೆ ಎಂದರೆ, ಉಂಟು. ಗುಡಿಸುವವನನ್ನು 'ಸ್ವಚ್ಛತಾ ಅಧಿಕಾರಿ' ಎಂದು ಕರೆದು ರಿಯಾಯಿತಿ ಕೇಳುವವರು ಹುಟ್ಟಿಕೊಂಡಾರು. ಆದ್ದರಿಂದ ಹುದ್ದೆಯ ಹೆಸರನ್ನು ನಂಬಬಾರದು, ಅಂಕಿಯನ್ನು ನಂಬಬೇಕು. ಭವಿಷ್ಯ ನಿಧಿಗೆ ಪ್ರತಿ ತಿಂಗಳೂ ಸಲ್ಲುವ ಲೆಕ್ಕದಲ್ಲಿ ಕೆಲಸಗಾರನ ಸಂಬಳ ದಾಖಲಾಗುತ್ತದೆ. ಅದನ್ನು ನೋಡಿದರೆ ಯಾರ ಸಂಬಳ ಎಷ್ಟು ಏರಿತು ಎಂಬುದು ತಿಳಿಯುತ್ತದೆ; ಹೊಸ ಕಚೇರಿ, ಹೊಸ ಕಡತ ಬೇಕಿಲ್ಲ. ರಿಯಾಯಿತಿಯೆಂಬುದು ಉಚಿತವಲ್ಲ, ಒಬ್ಬನಿಗೆ ಬಿಟ್ಟುಕೊಟ್ಟ ತೆರಿಗೆಯನ್ನು ಇನ್ನೊಬ್ಬನು ತುಂಬಬೇಕು ಎಂಬ ಮಾತೂ ನಿಜವೇ. ಹೊಸಬರಿಗೆ ಹೇಗೂ ಕೆಲಸ ಕೊಡುತ್ತಿದ್ದ ಮಾಲೀಕನಿಗೆ ರಿಯಾಯಿತಿ ಕೊಡುವುದು ಸಾರ್ವಜನಿಕ ಹಣದ ಸೋರಿಕೆ. ಕೊಡದಿದ್ದರೆ ನಡೆಯದೆ ಇದ್ದ ಒಳಿತಿಗೆ ಕೊಟ್ಟರೆ ಮಾತ್ರ ಅದು ಸಾರ್ಥಕ. ಇಂದಿನ ಸ್ಥಿತಿಯಲ್ಲಿ ತಾನಾಗಿ ನಡೆಯದಿರುವುದು ಕೆಳಗಿನವರ ಬಡ್ತಿಯೇ.

ಈ ವಿಚಾರ ಕಲಬುರಗಿಗೆ ಈಗ ವಿಶೇಷವಾಗಿ ಮುಖ್ಯವಾದುದು. ನಿಜಾಮರ ಕಾಲದಲ್ಲಿ ಸ್ಥಾಪಿತವಾದ ಮೆಹಬೂಬ್ ಶಾಹಿ ಬಟ್ಟೆಯ ಗಿರಣಿ ಇಂದು 'ಎಂ.ಎಸ್.ಕೆ. ಮಿಲ್' ಎಂಬ ಪ್ರದೇಶದ ಹೆಸರಾಗಿ ಮಾತ್ರ ಉಳಿದಿದೆ. ದೇಶದಲ್ಲಿ ಸ್ಥಾಪಿಸಬೇಕೆಂದಿರುವ ಏಳು ಬೃಹತ್ ಜವಳಿ ಉದ್ಯಾನಗಳಲ್ಲಿ ಒಂದನ್ನು ಕಲಬುರಗಿಗೆ ಕೊಡುವುದಾಗಿ ಕೇಂದ್ರ ಸರಕಾರ ೨೦೨೩ರ ಮಾರ್ಚಿಯಲ್ಲಿ ಘೋಷಿಸಿತು. ಒಂದೊಂದು ಉದ್ಯಾನದಿಂದ ಒಂದು ಲಕ್ಷ ನೇರ ಉದ್ಯೋಗ, ಎರಡು ಲಕ್ಷ ಪರೋಕ್ಷ ಉದ್ಯೋಗ ದೊರೆಯಬಹುದೆಂದು ಸರಕಾರದ ನಿರೀಕ್ಷೆ. ನೂಲು, ನೇಯ್ಗೆ, ಬಣ್ಣ, ಹೊಲಿಗೆ, ಎಲ್ಲವೂ ಒಂದೆಡೆ. ಅಲ್ಲಿಗೆ ಕಮಲಾಪುರದಿಂದಲೂ ಆಳಂದದಿಂದಲೂ ಚಿತ್ತಾಪುರದಿಂದಲೂ ಹುಡುಗಿಯರು ಹೋಗುವರು. ನೂಲಿನ ತುಂಡು ಕತ್ತರಿಸುವ ಸಹಾಯಕಿಯಾಗಿ ಸೇರಿದವಳು ಐದು ವರ್ಷದ ಮೇಲೆ ಹೊಲಿಗೆಯ ಯಂತ್ರದ ಮುಂದೆ, ಹತ್ತು ವರ್ಷದ ಮೇಲೆ ಸಾಲಿನ ಮೇಲ್ವಿಚಾರಕಿಯಾಗಿ ಇರುವಳೋ, ಅಥವಾ ಅದೇ ಕತ್ತರಿ ಹಿಡಿದು ಅಲ್ಲಿಯೇ ಕುಳಿತಿರುವಳೋ? ಉದ್ಯಾನಕ್ಕೆ ಕೊಡುವ ಸವಲತ್ತುಗಳ ಷರತ್ತುಗಳಲ್ಲಿ ಈ ಪ್ರಶ್ನೆ ಒಂದು ಸಾಲಾಗಿಯಾದರೂ ಸೇರಬೇಕು. ಗೋಡೆ ಎದ್ದ ಮೇಲೆ ಅಡಿಪಾಯ ತೋಡಲು ಬರುವುದಿಲ್ಲ.

ಕಾಯಕಕ್ಕೆ ಗೌರವ ಕೊಟ್ಟ ಶರಣರ ನಾಡು ನಮ್ಮದೆಂದು ನಾವು ಹೆಮ್ಮೆಪಡುತ್ತೇವೆ. ಆ ಗೌರವ ಮಾತಿನಲ್ಲಿ ಉಳಿದರೆ ದುಡಿಯುವವನ ಹೊಟ್ಟೆ ತುಂಬದು. ಎಷ್ಟು ಮಂದಿಗೆ ಕೆಲಸ ಕೊಟ್ಟೆ ಎಂದು ಸರಕಾರ ಮಾಲೀಕನನ್ನು ಕೇಳುತ್ತಿದೆ, ಕೇಳಲಿ. ಅದರ ಜೊತೆಗೆ, ಐದು ವರ್ಷದ ಹಿಂದೆ ಕೊಟ್ಟವರು ಈಗ ಯಾವ ಕೆಲಸದಲ್ಲಿದ್ದಾರೆ, ಎಷ್ಟು ಸಂಬಳ ಪಡೆಯುತ್ತಿದ್ದಾರೆ ಎಂದೂ ಕೇಳಲಿ. ಆ ಎರಡನೆಯ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುವ ಮಾಲೀಕನಿಗೆ ತೆರಿಗೆಯಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟರೆ ನಾಡಿಗೆ ನಷ್ಟವಿಲ್ಲ.